ಅರ್ಧ ಲ್ಯಾಂಡ್‌ಮಾಸ್ಟರಿನ ನ್ಯಾಯವಾದ ಬೆಲೆ

ಧಾರವಾಡದ ಉಮಾಪತಿ ಕೋಲ್ಕತ್ತಕ್ಕೆ ಬಂದು ಮೂವತ್ತು ವರ್ಷ ಮಾಡಿದ ಕೆಲಸವೆಂದರೆ ಸತ್ತ ಬೋಗಿಗಳಿಗೆ ಬೆಲೆ ಕಟ್ಟುವುದು. ರೈಲ್ವೆಯ ಉಗ್ರಾಣ ವಿಭಾಗದಲ್ಲಿ ಹರಾಜಿಗೆ ಬಂದ ತುಕ್ಕು ಹಳಿ, ಮುರಿದ ಸಿಗ್ನಲ್ ಕಂಬ, ಬೂಷ್ಟು ಹಿಡಿದ ಹಾಸಿಗೆಗಳ ಕನಿಷ್ಠ ಬೆಲೆಯನ್ನು ಅವರು ನಿಗದಿ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಆ ವಿದ್ಯೆ ಕನ್ನಡಿಗರ ಸೇವೆಗೆ ಒದಗಿತು. ಯಾರಾದರೂ ವರ್ಗವಾಗಿ ಊರು ಬಿಡುವಾಗ ಫ್ರಿಜ್ಜನ್ನೋ ಸ್ಕೂಟರನ್ನೋ ಮಾರಬೇಕಾಗುತ್ತಿತ್ತು. ಕೊಳ್ಳುವವರೂ ಕನ್ನಡಿಗರೇ ಆಗಿದ್ದರೆ ಇಬ್ಬರಿಗೂ ಬಾಯಿಬಿಟ್ಟು ಚೌಕಾಸಿ ಮಾಡಲು ಸಂಕೋಚ. ಕನ್ನಡ ಸಂಘದ ಯುಗಾದಿ ಊಟಕ್ಕೆ ಮತ್ತೆ ಒಂದೇ ಪಂಕ್ತಿಯಲ್ಲಿ ಕೂರಬೇಕಲ್ಲ. ಆಗ ಡಮ್ ಡಮ್‌ನಲ್ಲಿದ್ದ ಉಮಾಪತಿಯವರ ಮನೆಗೆ ಫೋನು ಬರುತ್ತಿತ್ತು. ಅವರು ಹೋಗಿ, ವಸ್ತುವನ್ನು ಎರಡು ಸುತ್ತು ಸುತ್ತಿ, ಬೆರಳಿನಿಂದ ತಟ್ಟಿ, ಒಂದು ಮೊತ್ತ ಹೇಳುತ್ತಿದ್ದರು. ಮಾರುವವನಿಗೂ ಕೊಳ್ಳುವವನಿಗೂ ಸಮನಾಗಿ ಬೇಸರವಾಗುತ್ತಿತ್ತು. ಇಬ್ಬರೂ ಬೇಸರಪಟ್ಟರೆಂದರೆ ಬೆಲೆ ಸರಿಯಾಗಿದೆ ಎಂದು ಉಮಾಪತಿ ತಿಳಿದುಕೊಂಡಿದ್ದರು. ತಾವು ಹೇಳಿದ ಬೆಲೆ ಇದುವರೆಗೆ ಒಮ್ಮೆಯೂ ತಪ್ಪಾಗಿಲ್ಲ ಎಂಬುದನ್ನು ಅವರು ತಾವಾಗಿ ಯಾರಿಗೂ ಹೇಳುತ್ತಿರಲಿಲ್ಲ, ಯಾರಾದರೂ ಕೇಳುವಂತೆ ಮಾತು ತಿರುಗಿಸುತ್ತಿದ್ದರು ಅಷ್ಟೆ.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಹಾಗೊಂದು ಫೋನು ಟಾಲಿಗಂಜ್‌ನಿಂದ ಬಂತು. ಮಾಡಿದವರು ಮೈಸೂರಿನ ಶ್ಯಾಮಸುಂದರ. ಇಬ್ಬರದೂ ಇಪ್ಪತ್ತು ವರ್ಷದ ಸ್ನೇಹ. ಮೆಟ್ರೋದ ಆ ಕೊನೆಯಲ್ಲಿ ಅವರು, ಈ ಕೊನೆಯಲ್ಲಿ ಇವರು ಇದ್ದುದರಿಂದ ಆ ಸ್ನೇಹ ಕೆಡಲು ಹೆಚ್ಚು ಅವಕಾಶ ಸಿಕ್ಕಿರಲಿಲ್ಲ. ಶ್ಯಾಮಸುಂದರ ಸರ್ಕಾರಿ ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದವರು. ಅಪಘಾತವಾದ ವಾಹನಗಳ ಮಾಲೀಕರು ಪರಿಹಾರ ಕೇಳಿಕೊಂಡು ಬಂದಾಗ ಸವಕಳಿ ಎಂದು ಇಷ್ಟು, ಹಳತು ಎಂದು ಇಷ್ಟು ಕಡಿದು, ಉಳಿದುದನ್ನು ದಾನ ಕೊಟ್ಟಂತೆ ಕೊಟ್ಟು ಕಳಿಸುವುದರಲ್ಲಿ ಹೆಸರು ಮಾಡಿದ್ದರು. ಅಂಥವರು ನಿವೃತ್ತಿಗೆ ಮುಂಚೆ, ಚಹಾ ಕಂಪನಿಯೊಂದರ ಹಿತ್ತಲಲ್ಲಿ ಗಿಡ ಬೆಳೆದು ನಿಂತಿದ್ದ ಸಾವಿರದ ಒಂಬೈನೂರ ಐವತ್ತಾರರ ಲ್ಯಾಂಡ್‌ಮಾಸ್ಟರ್ ಕಾರೊಂದನ್ನು ಕಂಡು ಮರುಳಾಗಿ ತಂದುಬಿಟ್ಟರು. ಅಂಬಾಸಿಡರ್ ಹುಟ್ಟುವುದಕ್ಕೆ ಮುಂಚೆ ಓಡಾಡುತ್ತಿದ್ದ, ಅದರ ಅಣ್ಣನಂಥ ಕಾರು ಅದು. ಬರುವ ಚಳಿಗಾಲಕ್ಕೆ ಹೊಸತರಂತೆ ಮಾಡಿಬಿಡುತ್ತೇನೆ ಎಂದಿದ್ದರು. ಆಮೇಲೆ ಒಂಬತ್ತು ಚಳಿಗಾಲ ಬಂದುಹೋದವು.

ಈಗ ಅವರಿದ್ದ ಹಳೆಯ ಬಾಡಿಗೆ ಮನೆಯನ್ನು ಮಾಲೀಕರು ಪ್ರೊಮೋಟರನಿಗೆ ಕೊಟ್ಟಿದ್ದರು. ಮನೆ ಕೆಡವಿ ಐದು ಮಹಡಿ ಕಟ್ಟುತ್ತಾರೆ, ಇವರಿಗೆ ಮೂರನೆಯ ಮಹಡಿಯಲ್ಲಿ ಒಂದು ಫ್ಲಾಟು ಕೊಡುತ್ತಾರೆ. ಕಾರಿಗೆ ಮೂರನೆಯ ಮಹಡಿಯಲ್ಲಿ ಜಾಗವಿಲ್ಲ. ದುರ್ಗಾಪೂಜೆಯೊಳಗೆ ಗ್ಯಾರೇಜು ಖಾಲಿಯಾಗಬೇಕಿತ್ತು.

ಕೊಳ್ಳಲು ಮುಂದೆ ಬಂದವನು ಯಶವಂತ. ಬೆಂಗಳೂರಿನ ಬಸವನಗುಡಿಯವನು, ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಪ್ರಾಜೆಕ್ಟ್ ಮ್ಯಾನೇಜರ್. ವಯಸ್ಸು ಮೂವತ್ತೆರಡಾದರೂ ಸಂಬಳ ಉಮಾಪತಿ ಮತ್ತು ಶ್ಯಾಮಸುಂದರ ಇಬ್ಬರ ಪೆನ್ಷನ್ನನ್ನು ಕೂಡಿಸಿ ನಾಲ್ಕರಿಂದ ಗುಣಿಸಿದಷ್ಟು. ಅವನಿಗೆ ಹಳೆಯ ಕಾರುಗಳ ಮೇಲೆ ಪ್ರೀತಿ ಹುಟ್ಟಿ ಮೂರು ತಿಂಗಳಾಗಿತ್ತು. ಅವನ ಕಂಪನಿಗೆ ಕೆಲಸ ಕೊಡುವ ಅಮೆರಿಕದ ಗಿರಾಕಿಯೊಬ್ಬ ಹಳೆಯ ಕಾರುಗಳ ಹುಚ್ಚಿನವನು. ಒಂದು ಸಲ ಫೋನಿನಲ್ಲಿ, ಸಭೆ ಶುರುವಾಗುವ ಮುಂಚಿನ ಲೋಕಾಭಿರಾಮದಲ್ಲಿ, ನನ್ನ ಹತ್ತಿರವೂ ಒಂದು ಹಳೆಯ ಕಾರು ಇದೆ ಎಂದು ಯಶವಂತ ಹೇಳಿಬಿಟ್ಟಿದ್ದ. ಆ ಗಿರಾಕಿ ಡಿಸೆಂಬರಿನಲ್ಲಿ ಕೋಲ್ಕತ್ತಕ್ಕೆ ಬರುವವನಿದ್ದ. ಆದ್ದರಿಂದ ಅಷ್ಟರೊಳಗೆ ಯಶವಂತನಿಗೆ ಹಳೆಯ ಕಾರಿನ ಮೇಲಿನ ಬಾಲ್ಯದ ಪ್ರೀತಿಯನ್ನು ಪೂರ್ತಿಗೊಳಿಸುವ ಅಗತ್ಯ ಬಿದ್ದಿತ್ತು.

ಒಂದು ಭಾನುವಾರ ಬೆಳಿಗ್ಗೆ ಮೂವರೂ ಟಾಲಿಗಂಜ್‌ನ ಮನೆಯಲ್ಲಿ ಸೇರಿದರು. ಶ್ಯಾಮಸುಂದರರ ಹೆಂಡತಿ ಇಂದುಮತಿ ಉಪ್ಪಿಟ್ಟು ಕಾಫಿ ಕೊಟ್ಟರು. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ ಶ್ಯಾಮಸುಂದರ ಗಂಭೀರವಾಗಿ ಹೇಳಿದರು:

"ನೋಡಿ ಉಮಾಪತಿ, ನಾನು ಮೂರೂವರೆ ಲಕ್ಷ ಕೇಳ್ತಿದೀನಿ. ಇಲ್ಲೀವರೆಗೆ ನನಗೆ ಬಿದ್ದಿರೋದೇ ಅಷ್ಟು. ಲಾಭ ಒಂದು ಕಾಸೂ ಬೇಡ. ಈ ಹುಡುಗ ಒಂದೂವರೆ ಅಂತಾನೆ. ನೀವು ಏನು ಹೇಳ್ತೀರೋ ಅದೇ. ನಾನು ಎರಡನೇ ಮಾತಾಡೋನಲ್ಲ."

"ನನ್ನದೂ ಅಷ್ಟೇ ಸಾರ್," ಎಂದ ಯಶವಂತ. "ನಿಮ್ಮ ಫಿಗರ್ ಫೈನಲ್."

"ಆಮ್ಯಾಲೆ ಇಬ್ರೂ ಬದಲಾಸಬಾರದು ನೋಡ್ರಿ," ಎಂದರು ಉಮಾಪತಿ. ಅವರಿಗೆ ಇದು ಫ್ರಿಜ್ಜು ಸ್ಕೂಟರುಗಳ ಸಾಲಿನದಲ್ಲ, ದೊಡ್ಡ ಕೇಸು ಅನ್ನಿಸಿ ಒಳಗೊಳಗೇ ಉತ್ಸಾಹವಾಗಿತ್ತು.

ಗ್ಯಾರೇಜಿನ ಬಾಗಿಲು ತೆರೆದಾಗ ಕಾರಿನ ಎಡಮೈ ಕಂಡಿತು. ಆ ಬದಿ ತಿಳಿಬೂದು ಬಣ್ಣ ಬಳಿದುಕೊಂಡು ಕನ್ನಡಿಯಂತೆ ಹೊಳೆಯುತ್ತಿತ್ತು. ಉಮಾಪತಿ ಒಂದು ಕ್ಷಣ ಬೆರಗಾದರು. ಆಮೇಲೆ ಬಲಗಡೆಗೆ ಸುತ್ತಿ ಬಂದರು. ಅಲ್ಲಿ ಇಟ್ಟಿಗೆ ಬಣ್ಣದ ಪ್ರೈಮರ್, ಅದರ ನಡುವೆ ಬೋಳು ತಗಡು, ಹಿಂದಿನ ಬಾಗಿಲಿನ ಜಾಗದಲ್ಲಿ ಒಂದು ಗೋಣಿಪಟ್ಟೆ ಇದ್ದವು.

"ಎಡಗಡೇನೇ ಯಾಕ ಮೊದಲ ಮಾಡಿದ್ರಿ?"

"ರಸ್ತೆ ಕಡೆಗಿರೋದು ಅದೇ ಅಲ್ವೇ," ಎಂದರು ಶ್ಯಾಮಸುಂದರ. "ಪಾಡಾದ ಜನ ನಿಂತು ನೋಡ್ತಾರೆ ಕಣ್ರೀ."

ಪಾಡಾ, ಅಂದರೆ ಆ ಕೇರಿಯ ಬಂಗಾಳಿಗಳು, ಒಂಬತ್ತು ವರ್ಷ ನಿಂತು ನೋಡಿದ್ದರು ಎಂಬುದರಲ್ಲಿ ಸಂಶಯವಿರಲಿಲ್ಲ. ಉಮಾಪತಿ ಒಳಗೆ ಇಣುಕಿದರು. ಸೀಟುಗಳಿರಲಿಲ್ಲ. ನೆಲದ ತಗಡು ತುಕ್ಕಿಗೆ ತಿಂದುಹೋಗಿ ಗ್ಯಾರೇಜಿನ ಸಿಮೆಂಟು ಕಾಣುತ್ತಿತ್ತು, ಅದರ ಮೇಲೊಂದು ಬೆಕ್ಕು ಮಲಗಿತ್ತು. ಎಂಜಿನ್ನು ಮೂಲೆಯ ಮೇಜಿನ ಮೇಲೆ ಬಿಡಿಬಿಡಿಯಾಗಿ, ಊಟಕ್ಕೆ ಬಡಿಸಿಟ್ಟಂತೆ ಇತ್ತು.

"ಉಳಿದ ಸಾಮಾನು?"

ಉಳಿದ ಸಾಮಾನು ಮನೆತುಂಬ ಇತ್ತು. ಮುಂದಿನ ಗಾಜು ಹಳೆಯ ರಜಾಯಿಯಲ್ಲಿ ಸುತ್ತಿಕೊಂಡು ಮಲಗುವ ಕೋಣೆಯ ಮಂಚದ ಕೆಳಗಿತ್ತು. ಬಂಪರುಗಳು ಬೀರುವಿನ ಮೇಲಿದ್ದವು. ಸ್ಟೀರಿಂಗ್ ಚಕ್ರವನ್ನು ದೇವರ ಮನೆಯ ಪಕ್ಕದ ಮೊಳೆಗೆ ನೇತುಹಾಕಿದ್ದರು. ಬಾನೆಟ್ಟು ಮಹಡಿಯ ಮೇಲಿತ್ತು, ಅದರ ಮೇಲೆ ಇಂದುಮತಿ ಸಂಡಿಗೆ ಒಣಗಲು ಇಟ್ಟಿದ್ದರು.

"ಬಿಸಿಲಿಗೆ ಚೆನ್ನಾಗಿ ಕಾಯತ್ತೆ," ಎಂದರು ಅವರು. "ಇದೊಂದೇ ಭಾಗ ನೋಡಿ, ನಮ್ಮನೇಲಿ ಕೆಲಸ ಮಾಡ್ತಿರೋದು."

ಕಾರನ್ನು ಎರಡು ಸುತ್ತು ಸುತ್ತಲು ಉಮಾಪತಿಗೆ ಇಡೀ ಮನೆ ಸುತ್ತಬೇಕಾಯಿತು. ಬಾಗಿಲನ್ನು ತಟ್ಟಿದರು. ಒಂದು ಕಡೆ ಲೋಹದ ಸದ್ದು ಬಂತು, ಇನ್ನೊಂದು ಕಡೆ ಮಣ್ಣಿನ ಗೋಡೆಯ ಸದ್ದು ಬಂತು. ತುಕ್ಕಿನ ತೂತುಗಳಿಗೆ ಪುಟ್ಟಿ ತುಂಬಿದ್ದರು. ಶ್ಯಾಮಸುಂದರ ಹಿಂದೆ ಹಿಂದೆಯೇ ಬರುತ್ತ ಪ್ರತಿಯೊಂದು ಬೋಲ್ಟಿನ ಚರಿತ್ರೆ ಹೇಳುತ್ತಿದ್ದರು. ಈ ಹಿಡಿಕೆಗಾಗಿ ಮಲ್ಲಿಕ್ ಬಜಾರಿನ ಗುಜರಿ ಅಂಗಡಿಗಳಲ್ಲಿ ಎರಡು ವರ್ಷ ಅಲೆದದ್ದು, ಆ ದೀಪಕ್ಕಾಗಿ ಮೊಮ್ಮಗನ ನಾಮಕರಣ ತಪ್ಪಿಸಿಕೊಂಡು ಅಸನ್‌ಸೋಲಿಗೆ ಹೋದದ್ದು, ಒಮ್ಮೆ ಪೂರ್ತಿ ಮುಗಿದೇಹೋಗಿದ್ದ ಕಾರಿನಲ್ಲಿ ತಿರುಪುಗಳು ಆ ಕಾಲದವಲ್ಲ ಎಂದು ಗೊತ್ತಾಗಿ ಮತ್ತೆ ಎಲ್ಲವನ್ನೂ ಬಿಚ್ಚಿದ್ದು.

"ಮುಗದಿತ್ತು?" ಉಮಾಪತಿ ನಿಂತರು. "ಓಡತಿತ್ತೇನ್ರಿ?"

"ಓಡೋ ಸ್ಥಿತೀಲಿತ್ತು. ಓಡಿಸಲಿಲ್ಲ. ತಿರುಪು ತಪ್ಪಿರೋ ಗಾಡೀನ ಹ್ಯಾಗೆ ಓಡಿಸೋದು?"

ಉಮಾಪತಿ ಮುಂದಿನ ಭಾನುವಾರ ತೀರ್ಪು ಹೇಳುತ್ತೇನೆಂದು ಎದ್ದರು. ಯಶವಂತ ಅವರನ್ನು ತನ್ನ ಹೊಸ ಕಾರಿನಲ್ಲಿ ಡಮ್ ಡಮ್‌ವರೆಗೆ ಬಿಡುತ್ತೇನೆ ಎಂದ. ಮೆಟ್ರೋದಲ್ಲಿ ಅರ್ಧ ಗಂಟೆಗೆ ತಲುಪುವ ದಾರಿಯನ್ನು ಎಸ್ಪ್ಲನೇಡಿನ ಗದ್ದಲದಲ್ಲಿ ಸಿಕ್ಕಿಬಿದ್ದು ಎರಡು ಗಂಟೆ ಮಾಡಿದ. ಅಷ್ಟು ಹೊತ್ತೂ ಅವನು ತನ್ನ ಲೆಕ್ಕವನ್ನು ವಿವರಿಸಿದ.

"ನಾನು ಒಂದು ಎಕ್ಸೆಲ್ ಮಾಡಿದೀನಿ ಸಾರ್. ಬಾಡಿ, ಎಂಜಿನ್, ಎಲೆಕ್ಟ್ರಿಕಲ್, ಎಲ್ಲಾ ಸೇರಿಸಿದ್ರೆ ಏಯ್ಟಿ ಪರ್ಸೆಂಟ್ ಕಂಪ್ಲೀಟ್. ಇನ್ನು ಇಪ್ಪತ್ತು ಅಷ್ಟೇ. ಮೂರು ತಿಂಗಳು ಸಾಕು."

"ನಿಮ್ಮ ಆಫೀಸಿನ್ಯಾಗ ಎಂಬತ್ತು ಪರ್ಸೆಂಟ್ ಆಗಿದ್ದ ಕೆಲಸ ಆಮ್ಯಾಲೆ ಎಷ್ಟ ದಿನಕ್ಕ ಮುಗೀತೈತಿ?"

ಯಶವಂತ ಸಿಗ್ನಲ್ ಹಸಿರಾಗುವವರೆಗೆ ಯೋಚಿಸಿದ. ಅವನು ಮೂಲತಃ ಸುಳ್ಳುಗಾರನಲ್ಲ.

"ಕ್ಲೈಂಟ್ ಕೇಳೋದು ಬಿಡೋವರೆಗೂ ಎಂಬತ್ತರಲ್ಲೇ ಇರತ್ತೆ ಸಾರ್," ಎಂದ.

ಆ ವಾರ ಉಮಾಪತಿ ಮೂರು ಸಲ ಮಲ್ಲಿಕ್ ಬಜಾರಿಗೆ ಹೋದರು, ಚಳಿಗಾಲದ ಹಳೆಯ ಕಾರುಗಳ ಓಟಕ್ಕೆ ಗಾಡಿ ತರುವ ಇಬ್ಬರನ್ನು ಹುಡುಕಿ ಮಾತಾಡಿಸಿದರು. ಶ್ಯಾಮಸುಂದರರಿಂದ ಪ್ರತಿದಿನ ಫೋನು ಬಂತು. ಬೆಲೆಯ ಬಗ್ಗೆ ಅಲ್ಲವೇ ಅಲ್ಲ, ಉಮಾಪತಿಯವರ ಮಂಡಿನೋವಿನ ಬಗ್ಗೆ. ಇಪ್ಪತ್ತು ವರ್ಷದಲ್ಲಿ ಆ ಮಂಡಿಯನ್ನು ಯಾರೂ ಅಷ್ಟು ವಿಚಾರಿಸಿರಲಿಲ್ಲ. ಗುರುವಾರ ಯಶವಂತನ ಕಡೆಯಿಂದ ದೊಡ್ಡ ಡಬ್ಬಿಯಲ್ಲಿ ನೊಲೆನ್ ಗುಡದ ಸಂದೇಶ್ ಮಿಠಾಯಿ ಬಂತು, ಚಳಿಗಾಲದಲ್ಲಷ್ಟೇ ಸಿಗುವ ಆ ಈಚಲ ಬೆಲ್ಲ ಮಳೆಗಾಲದಲ್ಲಿ ಎಲ್ಲಿ ಸಿಕ್ಕಿತೋ.

"ನ್ಯಾಯಾಧೀಶರಿಗೆ ಬಂದದ್ದು," ಎಂದು ಹೆಂಡತಿ ಶೋಭಾ ತಾವೊಂದು ತಿಂದು ಡಬ್ಬಿ ಮುಚ್ಚಿದರು. "ರೀ, ಒಂದ ಮಾತು ಹೇಳ್ತೀನಿ. ಶ್ಯಾಮಸುಂದರ ಅವರು ನಿಮ್ಮನ್ನ ಬೆಲೆ ಕೇಳಾಕ ಕರದಿಲ್ಲ."

"ಮತ್ತ ಯಾತಕ್ಕ ಕರದಾರ?"

"ಶಾಣ್ಯಾ ಇದ್ದೀರಿ ಅಂತ ಒಬ್ಬರ ಬಾಯಾಗ ಕೇಳಾಕ. ಅಷ್ಟ ಹೇಳಿ, ಮ್ಯಾಲೆ ಒಂದ್ ಎರಡು ಲಕ್ಷ ಅಂದಬಿಡ್ರಿ. ಆ ಹುಡುಗ ಕೊಡ್ತಾನ. ಅವನಿಗೇನ ಕಮ್ಮಿ."

"ಅದಕ್ಕ ನ್ಯಾಯದ ಬೆಲೆ ಅನ್ನೂದಿಲ್ಲ," ಎಂದರು ಉಮಾಪತಿ, ತಮ್ಮ ಇಡೀ ವೃತ್ತಿಯ ಘನತೆಯನ್ನು ಕೊರಳಿಗೆ ತಂದುಕೊಂಡು.

ಭಾನುವಾರ ಮತ್ತೆ ಎಲ್ಲರೂ ಸೇರಿದರು. ಈ ಸಲ ಕೇಸರಿಭಾತೂ ಇತ್ತು. ಉಮಾಪತಿ ಅದನ್ನು ಮುಟ್ಟದೆ ಶುರುಮಾಡಿದರು.

"ಪೂರ್ತಿ ಮುಗದು, ಚಾಲೂ ಆಗಿ, ಚಂದಾಗಿ ನಿಂತ ಲ್ಯಾಂಡ್‌ಮಾಸ್ಟರ್ ಗಾಡಿ ಇವತ್ತ ಈ ಊರಾಗ ಮೂರು ಲಕ್ಷಕ್ಕ ಹೋಗತೈತಿ. ಅದರ ಮ್ಯಾಲೆ ಯಾರೂ ಕೊಡೂದಿಲ್ಲ. ಈ ಗಾಡಿ ಅಲ್ಲಿ ಮುಟ್ಟಬೇಕಂದ್ರ ಇನ್ನ ಎರಡು ಲಕ್ಷ ನಲವತ್ತು ಸಾವಿರ ಬೇಕು. ನೆಲ ಹೊಸಾದು, ಎಂಜಿನ್ನು, ವೈರಿಂಗು, ಸೀಟು, ಬಲಗಡೆ ಪೂರಾ. ಎಡಗಡೆ ಪುಟ್ಟಿನೂ ತಗದು ಮತ್ತ ಮಾಡಬೇಕು. ಉಳೀತು ಅರವತ್ತು. ಅದರಾಗ ಕೊಂಡವನ ತ್ರಾಸಿಗೆ ಇಪ್ಪತ್ತು ಕಳೀರಿ. ನಲವತ್ತು ಸಾವಿರ. ಅದ ನ್ಯಾಯದ ಬೆಲೆ."

ಹೊರಗೆ ಮೀನು ಮಾರುವವನು ಕೂಗಿಕೊಂಡು ಹೋದ.

"ನನ್ನ ಒಂಬತ್ತು ವರ್ಷ?" ಎಂದರು ಶ್ಯಾಮಸುಂದರ.

"ಅದು ಗಾಡಿಯೊಳಗ ಇಲ್ಲರಿ. ನಾ ಹುಡುಕಿದೆ."

ಉಮಾಪತಿ ಇದನ್ನು ವ್ಯಂಗ್ಯಕ್ಕೆ ಹೇಳಿರಲಿಲ್ಲ. ಬೆಲೆ ಕಟ್ಟುವವನು ನಿಜವಾಗಿ ಹುಡುಕಿದ್ದ, ಸಿಕ್ಕಿರಲಿಲ್ಲ, ಸಿಕ್ಕಿಲ್ಲವೆಂದು ಹೇಳಿದ. ಆದರೆ ಕೇಳಿದವರ ಮುಖ ಪುಟ್ಟಿ ಹಚ್ಚಿದ ತಗಡಿನಂತೆ ಬಿಳಿಚಿಕೊಂಡಿತು. ಮೂವತ್ತು ವರ್ಷ ಬೇರೆಯವರ ಸವಕಳಿ ಕಡಿದ ಮನುಷ್ಯನಿಗೆ ತನ್ನದೇ ಸವಕಳಿಯ ಲೆಕ್ಕ ಕೇಳುವುದು ಅಭ್ಯಾಸವಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಯಶವಂತನಿಗೆ. ಒಂದು ಲಕ್ಷ ಹತ್ತು ಸಾವಿರ ಉಳಿಯಿತೆಂದು ಅವನು ಕುಣಿಯಬೇಕಿತ್ತು. ಬದಲಿಗೆ ಕುರ್ಚಿಯ ತುದಿಗೆ ಬಂದ.

"ಸಾರ್, ನಲವತ್ತು ಸಾವಿರ ಅಂದ್ರೆ ಸೆಕೆಂಡ್ ಹ್ಯಾಂಡ್ ಬೈಕ್ ರೇಟ್. ನಾನು ಆಫೀಸಲ್ಲಿ ಎಲ್ಲರ ಹತ್ತಿರ ಹೇಳ್ಕೊಂಡಿದೀನಿ. ಅಂಕಲ್, ನಾನು ಒಂದೂವರೆನೇ ಕೊಡ್ತೀನಿ, ಪ್ಲೀಸ್."

"ಬೇಡಪ್ಪ," ಎಂದರು ಶ್ಯಾಮಸುಂದರ. ಅವರ ದನಿ ವಿಮಾ ಕಂಪನಿಯ ಪತ್ರದಷ್ಟು ಸಭ್ಯವಾಗಿತ್ತು. "ಒಪ್ಪಿಕೊಂಡಿದೀವಿ. ತೀರ್ಪು ತೀರ್ಪೇ. ನಲವತ್ತರ ಮೇಲೆ ಒಂದು ರೂಪಾಯಿ ಮುಟ್ಟೋದಿಲ್ಲ. ಉಮಾಪತಿಯವರಿಗೆ ತುಂಬಾ ತೊಂದರೆ ಕೊಟ್ಟೆವು. ಇಂದೂ, ಅವರಿಗೆ ಚಪ್ಪಲಿ ಎಲ್ಲಿದೆ ತೋರಿಸು."

ಹೀಗೆ ಮಾರುವವನು ಹೆಚ್ಚು ತೆಗೆದುಕೊಳ್ಳಲೊಲ್ಲದೆ, ಕೊಳ್ಳುವವನು ಕಡಿಮೆ ಕೊಡಲೊಲ್ಲದೆ, ವ್ಯಾಪಾರ ಮುಗಿಯಿತು. ಉಮಾಪತಿ ಮೆಟ್ರೋದಲ್ಲಿ ಒಬ್ಬರೇ ಕೂತು ಬರುವಾಗ, ಇಬ್ಬರಿಗೂ ಬೇಸರವಾಯಿತಲ್ಲ, ಬೆಲೆ ಸರಿಯಾಗಿಯೇ ಇದೆ ಎಂದು ತಮಗೆ ತಾವೇ ಹೇಳಿಕೊಂಡರು. ತಮಗೂ ಬೇಸರವಾಗಿತ್ತು ಎಂಬುದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಮಾತ್ರ ತಿಳಿಯಲಿಲ್ಲ.

ಮುಂದಿನ ಯುಗಾದಿ ಊಟದಲ್ಲಿ ಶ್ಯಾಮಸುಂದರ ಬೇರೆ ಪಂಕ್ತಿಯಲ್ಲಿ ಕೂತರು. ಮರುವರ್ಷ ಬರಲೇ ಇಲ್ಲ.

ಕಾರು ಆ ವರ್ಷದ ಪೂಜೆಗೆ ಮುಂಚೆಯೇ ಎರಡು ಲಾರಿಗಳಲ್ಲಿ ಹೋಗಿತ್ತು. ಒಂದರಲ್ಲಿ ಅದರ ಒಡಲು, ಇನ್ನೊಂದರಲ್ಲಿ ಮನೆಯ ಮೂಲೆ ಮೂಲೆಯಿಂದ ಇಳಿಸಿದ ಅಂಗಾಂಗಗಳು. ಯಶವಂತ ಅದನ್ನು ಬಾಲಿಗಂಜ್ ಕಡೆಯ ಒಬ್ಬ ದೊಡ್ಡ ಮನುಷ್ಯನ ವರ್ಕ್‌ಶಾಪಿಗೆ ಒಪ್ಪಿಸಿದ. ಆ ದೊಡ್ಡ ಮನುಷ್ಯ ತನ್ನನ್ನು ಮೆಕ್ಯಾನಿಕ್ ಎಂದು ಕರೆಸಿಕೊಳ್ಳುತ್ತಿರಲಿಲ್ಲ, ಕಾರುಗಳ ಪರಂಪರೆಯ ರಕ್ಷಕ ಎನ್ನುತ್ತಿದ್ದ, ಪೈಪ್ ಸೇದುತ್ತಿದ್ದ, ಮತ್ತು ಪೈಪ್ ಹಚ್ಚಿದಷ್ಟು ಸಲ ಮುಂಗಡ ಕೇಳುತ್ತಿದ್ದ. ಡಿಸೆಂಬರಿನಲ್ಲಿ ಅಮೆರಿಕದ ಗಿರಾಕಿ ಬಂದ. ಕಾರಿಗೆ ನೆಲವಿರಲಿಲ್ಲ. ಯಶವಂತ ಅವನನ್ನು ಎಡಗಡೆಯಿಂದ ಕರೆದುಕೊಂಡು ಬಂದು, ಎಡಗಡೆಯಿಂದಲೇ ಫೋಟೊ ತೆಗೆಸಿ, ಎಡಗಡೆಯಿಂದಲೇ ವಾಪಸು ಕಳಿಸಿದ. ಗಿರಾಕಿ ಕಣ್ಣು ತುಂಬಿಕೊಂಡು, ಮೂರು ವರ್ಷಕ್ಕೆ ಕಾಂಟ್ರಾಕ್ಟು ಬರೆದುಕೊಟ್ಟ. ಆ ಲೆಕ್ಕದಲ್ಲಿ ನಲವತ್ತು ಸಾವಿರ ಬಹಳ ಅಗ್ಗವಾಯಿತು.

ಯಶವಂತನಿಗೆ ಗೊತ್ತಿಲ್ಲದ ಒಂದು ಸಂಗತಿ ಆ ವರ್ಕ್‌ಶಾಪಿನಲ್ಲಿ ನಡೆಯುತ್ತಿತ್ತು. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಶ್ಯಾಮಸುಂದರ ಅಲ್ಲಿಗೆ ಬರುತ್ತಿದ್ದರು. ಮೊದಮೊದಲು ದಾರಿಯಲ್ಲಿ ಹೋಗುತ್ತಿದ್ದೆ ಎಂದು ಬಂದರು. ಟಾಲಿಗಂಜ್‌ನಿಂದ ಯಾವ ದಾರಿಯೂ ಆ ಗಲ್ಲಿಯ ಮೂಲಕ ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ಸ್ಟೂಲು ಹಾಕಿಕೊಂಡು ಕೂತರು. ಕೆಲಸಗಾರರಿಗೆ ತಿರುಪುಗಳ ಬಗ್ಗೆ ಹೇಳಿದರು. ಪೈಪಿನ ಮನುಷ್ಯ ಅವರನ್ನು ಹೊರಹಾಕಲು ನೋಡಿದ. ಆದರೆ ಅವರು ಬಂದ ದಿನ ಯಾವ ಭಾಗ ಎಲ್ಲಿ ಸೇರಬೇಕೆಂಬುದು ಬೇಗ ಗೊತ್ತಾಗುತ್ತಿದ್ದುದರಿಂದ ಸುಮ್ಮನಾದ. ಸಂಬಳವಿಲ್ಲದೆ ಕೆಲಸ ಮಾಡುವವರ ಮೇಲೆ ಅವನಿಗೂ ಗೌರವವಿತ್ತು.

ಎರಡು ಸಾವಿರದ ಎಂಟರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕುಗಳು ಮಗುಚಿಕೊಂಡವು. ಅದರ ಸದ್ದು ಸೆಕ್ಟರ್ ಫೈವ್‌ನ ಕ್ಯಾಂಟೀನಿನವರೆಗೂ ಕೇಳಿಸಿತು. ಫೋಟೊ ತೆಗೆಸಿಕೊಂಡಿದ್ದ ಗಿರಾಕಿ ಕಾಂಟ್ರಾಕ್ಟು ಹರಿದ. ಯಶವಂತನ ತಂಡದ ಅರ್ಧ ಜನ ಮನೆಗೆ ಹೋದರು, ಮುಂದಿನ ಪಟ್ಟಿಯಲ್ಲಿ ತಾನಿದ್ದೇನೆಂದು ಅವನಿಗೆ ತಿಳಿಯಿತು. ಹೆಂಡತಿ ಸ್ಫೂರ್ತಿಗೆ ಆಗ ಏಳು ತಿಂಗಳು. ಇಬ್ಬರೂ ಬೆಂಗಳೂರಿಗೆ ಹೋಗಿಬಿಡುವುದೆಂದು ತೀರ್ಮಾನಿಸಿದರು. ಕಾರು ಮಾರಬೇಕಾಯಿತು.

ಉಮಾಪತಿಯವರ ಮನೆಗೆ ಫೋನು ಬಂತು.

"ಸಾರ್, ಒಬ್ಬರು ಪಾರ್ಟಿ ಸಿಕ್ಕಿದಾರೆ. ಆದ್ರೆ ರೇಟ್ ಕೂಡಿ ಬರ್ತಿಲ್ಲ. ನೀವು ಬಂದು ಹೇಳ್ಬೇಕು, ಅವರೇ ನಿಮ್ಮ ಹೆಸರು ಹೇಳಿದ್ರು."

"ಯಾರವರು?"

"ಶ್ಯಾಮಸುಂದರ್ ಅಂಕಲ್."

ವರ್ಕ್‌ಶಾಪಿಗೆ ಉಮಾಪತಿ ಬಂದಾಗ ಶ್ಯಾಮಸುಂದರ ಎದ್ದು ನಿಂತು, ಮ್ಯಾಜಿಸ್ಟ್ರೇಟರ ಮುಂದೆ ನಿಂತವರಂತೆ ನಮಸ್ಕಾರ ಮಾಡಿದರು. ಪಕ್ಕದಲ್ಲಿ ಇಂದುಮತಿ ಸೀರೆಯ ಸೆರಗಿನಿಂದ ಸ್ಟೂಲು ಒರೆಸಿಕೊಂಡು ಕೂತಿದ್ದರು. ಕಾರಿಗೆ ಈಗ ನೆಲ ಬಂದಿತ್ತು, ಎಂಜಿನ್ನು ಜೋಡಣೆಯಾಗಿ ಹೊಟ್ಟೆಯೊಳಗೆ ಸೇರಿತ್ತು. ಆದರೆ ಎಡಗಡೆಯ ಆ ಹೊಳಪು ಬಣ್ಣವನ್ನೆಲ್ಲ ಕೆರೆದು ಹಾಕಿದ್ದರಿಂದ ಇಡೀ ಗಾಡಿ ಎರಡೂ ಕಡೆ ಸಮನಾಗಿ ಕುರೂಪವಾಗಿತ್ತು. ಮುಂದಿನ ಜಾಲರಿ ಪಾಲಿಶಿಗೆ ಹೋದದ್ದು ತಿರುಗಿ ಬಂದಿರಲಿಲ್ಲ, ಮತ್ತು ಪೈಪಿನ ಮನುಷ್ಯ ಆ ವಿಷಯ ಬಂದಾಗಲೆಲ್ಲ ಬೆಂಕಿಕಡ್ಡಿ ಹುಡುಕುತ್ತಿದ್ದ.

"ನನಗೆ ಇದುವರೆಗೆ ಮೂರು ಲಕ್ಷ ಬಿದ್ದಿದೆ ಸಾರ್," ಎಂದ ಯಶವಂತ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. "ಅಂಕಲ್‌ಗೆ ಕೊಟ್ಟ ನಲವತ್ತು, ಇಲ್ಲಿ ಎರಡು ಲಕ್ಷ ಅರವತ್ತು. ಲಾಭ ಬೇಡ. ಬಿದ್ದಿರೋದು ಬಂದ್ರೆ ಸಾಕು."

"ಬಿದ್ದಿರೋದಕ್ಕೂ ಬೆಲೆಗೂ ಏನಪ್ಪ ಸಂಬಂಧ?" ಎಂದರು ಶ್ಯಾಮಸುಂದರ ತಣ್ಣಗೆ. "ಮುಗಿದ ಗಾಡಿ ಎಷ್ಟಕ್ಕೆ ಹೋಗತ್ತೆ, ಮುಗಿಸೋಕೆ ಎಷ್ಟು ಬೇಕು, ಕೊಂಡವನ ತ್ರಾಸಿಗೆ ಎಷ್ಟು. ಲೆಕ್ಕ ಇರೋದು ಹಾಗೆ. ದೊಡ್ಡವರು ಹೇಳಿಕೊಟ್ಟಿದಾರೆ. ಬಣ್ಣ ಹೋಗಿದೆ, ಜಾಲರಿ ಇಲ್ಲ. ನಾನು ಕೊಟ್ಟದ್ದು ನಲವತ್ತಕ್ಕೆ. ಅದೇ ನಲವತ್ತು ಕೊಡ್ತೀನಿ."

"ಅಂಕಲ್, ನನ್ನ ಎರಡು ವರ್ಷ?"

"ಗಾಡಿಯೊಳಗೆ ಹುಡುಕಿ ನೋಡು," ಎಂದರು ಶ್ಯಾಮಸುಂದರ, ಮತ್ತು ಉಮಾಪತಿಯ ಕಡೆ ನೋಡಲಿಲ್ಲ.

ಉಮಾಪತಿ ಮೊದಲಿನಂತೆ ಎರಡು ಸುತ್ತು ಸುತ್ತಿದರು, ತಟ್ಟಿದರು. ಈ ಸಲ ಎಲ್ಲ ಕಡೆಯೂ ಲೋಹದ ಸದ್ದೇ ಬಂತು. ಕೆಲಸ ನಿಜವಾಗಿ ಆಗಿತ್ತು. ಅವರಿಗೆ ತಮ್ಮ ಲೆಕ್ಕ ತಮ್ಮ ಬೆನ್ನಿಗೇ ಬಂದು ಬಡಿದದ್ದು ಹಿತವಾಗಿರಲಿಲ್ಲ, ಆದರೆ ಬೇರೆ ಲೆಕ್ಕ ಅವರಿಗೆ ಬರುತ್ತಿರಲಿಲ್ಲ.

"ತೊಂಬತ್ತು ಸಾವಿರ," ಎಂದರು. "ಮುಗದ ಗಾಡಿ ಅದ ಮೂರು ಲಕ್ಷ, ಇನ್ನ ಒಂದು ಲಕ್ಷ ತೊಂಬತ್ತು ಸಾವಿರದ ಕೆಲಸ ಐತಿ. ತ್ರಾಸಿಂದು ಇಪ್ಪತ್ತು. ತೊಂಬತ್ತಕ್ಕ ಸರಿ ಐತಿ."

ಯಶವಂತ ತಲೆ ತಗ್ಗಿಸಿದ. ತೊಂಬತ್ತು ಜಾಸ್ತಿಯಾಯಿತು ಎಂದು ಹೇಳಲು ಶ್ಯಾಮಸುಂದರ ಬಾಯಿ ತೆರೆದರು. ಅಷ್ಟರಲ್ಲಿ ಇಂದುಮತಿ ಕೈಚೀಲದಿಂದ ಚೆಕ್ಕಿನ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಒಂದೂವರೆ ಲಕ್ಷ ಬರೀತಿದೀನಿ," ಎಂದರು.

"ಇಂದೂ, ತೊಂಬತ್ತು ಅಂದ್ರಲ್ಲ."

"ತಾಯೀ, ಇದು ನ್ಯಾಯದ ಬೆಲೆ ಅಲ್ಲ," ಎಂದರು ಉಮಾಪತಿ. ಅವರಿಗೆ ನಿಜಕ್ಕೂ ಕಸಿವಿಸಿಯಾಗಿತ್ತು. ತೀರ್ಪು ಕೊಟ್ಟ ಮೇಲೆ ಬೆಲೆ ಏರಿಸಿದವರನ್ನು ಅವರು ರೈಲ್ವೆಯಲ್ಲಿ ಕಂಡಿರಲಿಲ್ಲ. "ಅರವತ್ತು ಸಾವಿರ ಸುಮ್ಮನ ಹೋಗತಾವ."

"ನಿಮ್ಮ ಲೆಕ್ಕ ಗಾಡೀದು ಉಮಾಪತಿಯವರೇ. ಅದರಲ್ಲಿ ತಪ್ಪಿಲ್ಲ." ಇಂದುಮತಿ ಬರೆಯುತ್ತಲೇ ಹೇಳಿದರು. "ಈ ಗಾಡಿ ಮನೇಲಿದ್ದಾಗ ಒಂಬತ್ತು ವರ್ಷ ಶಾಪ ಹಾಕಿದೆ. ಹೋದ ಮೇಲೆ ಗೊತ್ತಾಯ್ತು. ಆ ಮೂರನೇ ಮಹಡಿ ಫ್ಲಾಟಿನಲ್ಲಿ ಇವರು ಬೆಳಗ್ಗೆ ಎದ್ದು ನನ್ನ ಸಾರಿಗೆ ಎಷ್ಟು ಹುಳಿ ಬೀಳತ್ತೆ ಅಂತ ನಿಂತು ನೋಡ್ತಾರೆ. ಇಲ್ಲಿಗೆ ಬರೋ ನಾಲ್ಕು ದಿನ ನಾನು ಉಸಿರಾಡ್ತೀನಿ. ಇನ್ನು ಮೂರು ದಿನಾನೂ ನನಗೆ ಬೇಕು. ಟ್ರಾಮ್ ಡಿಪೋ ಹಿಂದೆ ಒಂದು ಶೆಡ್ಡು ಬಾಡಿಗೆಗೆ ನೋಡಿಟ್ಟಿದೀನಿ."

"ಅದು ತೊಂಬತ್ತಕ್ಕೂ ಸಿಗ್ತಿತ್ತಲ್ಲ," ಎಂದರು ಶ್ಯಾಮಸುಂದರ ಗೊಣಗುತ್ತ.

"ಸಿಗ್ತಿತ್ತು. ಆ ಹುಡುಗಿಗೆ ಏಳು ತಿಂಗಳು. ಇವನಿಗೆ ಕೆಲಸ ಇರತ್ತೋ ಇಲ್ವೋ. ಅವತ್ತು ಒಂದೂವರೆ ಕೊಡ್ತೀನಿ ಅಂತ ಕೈಮುಗಿದು ಕೂತಿದ್ದ, ನೀವು ದೊಡ್ಡಸ್ತಿಕೆ ಮಾಡಿ ಬೇಡ ಅಂದ್ರಿ. ನನ್ನ ಎಫ್‌ಡಿ, ನನ್ನ ಸಹಿ." ಅವರು ಚೆಕ್ಕು ಹರಿದು ಯಶವಂತನ ಕೈಗಿಟ್ಟರು. "ಪೆಟ್ರೋಲ್ ಬಂಕಿನ ಪಕ್ಕ ಒಬ್ಬ ಡಾಕ್ಟರಮ್ಮ ಇದಾರೆ, ರೈಲು ಹತ್ತೋ ಮುಂಚೆ ಸ್ಫೂರ್ತೀನ ಒಂದು ಸಲ ತೋರಿಸು."

ಯಶವಂತ ಏನೋ ಹೇಳಲು ಹೋದ, ಇಂಗ್ಲಿಷಿನಲ್ಲಿ ಶುರುಮಾಡಿದ, ನಿಲ್ಲಿಸಿದ. ಕೊನೆಗೆ ಬಗ್ಗಿ ಇಂದುಮತಿಯ ಕಾಲು ಮುಟ್ಟಿದ. ಪೈಪಿನ ಮನುಷ್ಯ ಆ ಸಂದರ್ಭವನ್ನು ಗಮನಿಸಿ, ತನಗೂ ಸ್ವಲ್ಪ ಬಾಕಿ ಇದೆ ಎಂದು ಕೆಮ್ಮಿದ. ಇಂದುಮತಿ ಅವನಿಗೆ, ಮೊದಲು ಜಾಲರಿ, ಎಂದು ಬಂಗಾಳಿಯಲ್ಲಿ ಹೇಳಿದರು. ಜಾಲರಿ ಮರುದಿನವೇ ಸಿಕ್ಕಿತು.

ಉಮಾಪತಿ ಆ ಸಂಜೆ ಮನೆಗೆ ಬಂದು ಶೋಭಾಗೆ ಎಲ್ಲವನ್ನೂ ಹೇಳಿದರು. ಅವರು ಪಲ್ಯಕ್ಕೆ ತರಕಾರಿ ಹೆಚ್ಚುತ್ತಿದ್ದವರು ತಲೆ ಎತ್ತದೆ ಕೇಳಿದರು.

"ಅಂದ್ರ ನಿಮ್ಮ ಬೆಲೆ ತಪ್ಪಾತು."

"ತಪ್ಪಾಗಿಲ್ಲ. ಯಾರೂ ಕೇಳಲಿಲ್ಲ, ಅಷ್ಟ."

ಜನವರಿಯ ಒಂದು ಬೆಳಿಗ್ಗೆ, ಯಶವಂತ ಊರು ಬಿಟ್ಟು ತಿಂಗಳಾದ ಮೇಲೆ, ಉಮಾಪತಿ ಯಾರೂ ಕರೆಯದೆ ಟಾಲಿಗಂಜ್‌ನಲ್ಲಿ ಇಳಿದರು. ಮಂಕಿ ಟೋಪಿ, ಮಫ್ಲರ್ ಎಲ್ಲ ಹಾಕಿಕೊಂಡು, ಟ್ರಾಮ್ ಡಿಪೋದ ಹಿಂದಿನ ಗಲ್ಲಿಯಲ್ಲಿ ವಿಚಾರಿಸುತ್ತ ಹೋದರು. ಶೆಡ್ಡಿನ ಬಾಗಿಲು ತೆರೆದಿತ್ತು. ಶ್ಯಾಮಸುಂದರ ಕಾರಿನ ಬಾಗಿಲೊಂದನ್ನು ಎರಡು ಕುರ್ಚಿಗಳ ಮೇಲೆ ಮಲಗಿಸಿ ಉಜ್ಜುತ್ತಿದ್ದರು. ಇವರನ್ನು ನೋಡಿ ಕೈ ನಿಲ್ಲಿಸಿದರು.

"ಬೆಲೆ ಕಟ್ಟೋಕೆ ಬಂದಿರಾ?"

"ಇಲ್ಲರಿ. ಸುಮ್ಮನ ಬಂದೆ. ಮಂಡಿ ನೋವು ಹ್ಯಾಂಗೈತಿ ಅಂತ ನೀವು ಎರಡ ವರ್ಷದಿಂದ ಕೇಳಿಲ್ಲ."

ಶ್ಯಾಮಸುಂದರ ನಗಲಿಲ್ಲ. ಸ್ವಲ್ಪ ಹೊತ್ತು ಉಜ್ಜಿದರು.

"ನೀವು ಹೇಳಿದ ಬೆಲೆ ಸರಿಯಾಗೇ ಇತ್ತು," ಎಂದರು ಆಮೇಲೆ. "ಅವತ್ತು ರಾತ್ರಿ ನಾನೂ ಲೆಕ್ಕ ಹಾಕಿ ನೋಡಿದ್ದೆ. ನನಗೆ ಮೂವತ್ತೈದು ಬಂತು. ಅದಕ್ಕೇ ಇನ್ನೂ ಸಿಟ್ಟು."

"ಹಂಗಂದ್ರ ಐದು ಸಾವಿರ ನಾ ಹೆಚ್ಚ ಹಾಕೀನಿ."

"ಸ್ನೇಹಕ್ಕೆ ಅಂತ ತಿಳ್ಕೊಂಡಿದ್ದೆ."

"ಅಲ್ಲ. ಟೈರು ಛಲೋ ಇದ್ವು."

ಈ ಸಲ ಶ್ಯಾಮಸುಂದರ ನಕ್ಕರು, ನಕ್ಕು ಧೂಳಿಗೆ ಕೆಮ್ಮಿದರು. ಮರಳು ಕಾಗದದ ಒಂದು ತುಂಡು ಹರಿದು ಕೊಟ್ಟು, ಆ ಕಡೆ ಅಂಚಿನಿಂದ ಶುರುಮಾಡಿ, ಗುಂಡಗೆ ಉಜ್ಜಬೇಡಿ, ಉದ್ದುದ್ದ ಉಜ್ಜಿ ಎಂದರು. ಉಮಾಪತಿ ಮಫ್ಲರ್ ತೆಗೆದಿಟ್ಟು ಕೂತರು. ಮಧ್ಯಾಹ್ನದ ಹೊತ್ತಿಗೆ ಅವರ ಅಂಗಿ, ಹುಬ್ಬು, ಮೂಗು ಎಲ್ಲ ಇಟ್ಟಿಗೆ ಬಣ್ಣವಾಗಿತ್ತು. ಡಮ್ ಡಮ್‌ನಲ್ಲಿ ಬಾಗಿಲು ತೆಗೆದ ಶೋಭಾ ಒಂದು ಕ್ಷಣ ಗುರುತು ಹಿಡಿಯಲಿಲ್ಲ.

ಅಲ್ಲಿಂದಾಚೆಗೆ ಅವರು ವಾರಕ್ಕೆ ಎರಡು ದಿನ ಹೋಗತೊಡಗಿದರು. ಬಣ್ಣ ಬೂದುವೋ ಕಡುನೀಲಿಯೋ ಎಂಬ ಜಗಳ ಒಂದು ಬೇಸಿಗೆಯನ್ನು ಪೂರ್ತಿ ತಿಂದಿತು. ಎಂಜಿನ್ನು ಒಮ್ಮೆ ಚಾಲೂ ಆಗಿ, ಕಾರು ಗಲ್ಲಿಯ ತುದಿಯ ಚಹಾ ಅಂಗಡಿಯವರೆಗೆ ತಾನೇ ಹೋಯಿತು, ಅಲ್ಲಿಂದ ಕೇರಿಯವರು ತಳ್ಳಿಕೊಂಡು ಬಂದರು. ಬ್ರೇಕಿನ ಕೆಲಸ ಮುಂದಿನ ಚಳಿಗಾಲಕ್ಕೆ ಎಂದು ಇಟ್ಟುಕೊಂಡಿದ್ದಾರೆ.